ಮುಂದಿನವನ ದಾರ

ನಾನು ಏಣಿಯ ತುದಿಯಲ್ಲಿ ನಿಂತು ಅಟ್ಟದ ಕಿಂಡಿಯೊಳಗೆ ಮೈ ತೂರಿಸಲು ಒದ್ದಾಡುತ್ತಿದ್ದರೆ, ಕೆಳಗೆ ಇಸ್ತ್ರಿ ಗೋಡೆಯ ಮುಂದೆ ನಿಂತು ಶಿಳ್ಳೆ ಹಾಕುತ್ತಿದ್ದ.

ಇಸ್ತ್ರಿ ಎಂದರೆ ಎದುರು ಪಕ್ಷದ ಪತ್ತೇದಾರ. ಅವನ ಅಂಗಿಯ ಗೆರೆ ಎಂದೂ ಮುರಿಯುವುದಿಲ್ಲ, ಅದಕ್ಕೇ ಆ ಹೆಸರು. ಇಟ್ಟವನು ನಾನೇ. ಒಂದು ಕಾಲಕ್ಕೆ ನನ್ನ ಕೈಕೆಳಗೆ ಇದ್ದವನು. ಬೆರಳಿನಿಂದ ಗೋಡೆ ತಟ್ಟಿ ಟೊಳ್ಳು ಯಾವುದು ಗಟ್ಟಿ ಯಾವುದು ಎಂದು ಗುರುತಿಸುವುದನ್ನು ನನ್ನಿಂದಲೇ ಕಲಿತ. ಈಗ ಅವನಿಗೆ ಸ್ವಂತ ಆಫೀಸು, ಸ್ವಂತ ಕಾರು, ಬಾಗಿಲಿಗೆ ಹಿತ್ತಾಳೆ ಬೋರ್ಡು. ನನಗೆ ಹೊಟ್ಟೆಕಿಚ್ಚೇ? ಹೌದು, ಕಿಚ್ಚೇ. ಇಲ್ಲ ಎಂದರೆ ನನ್ನ ಹೆಂಡತಿಯೇ ನಗುತ್ತಾಳೆ.

"ಸಾರ್, ಮೊಣಕಾಲು ಜೋಪಾನ," ಎಂದ ಕೆಳಗಿನಿಂದ. "ಬೇಕಾದ್ರೆ ನಾನೇ ಹತ್ತಲಾ?"

"ನೀನು ಹತ್ತಿದ್ರೆ ಅಂಗಿ ಸುಕ್ಕಾಗುತ್ತೆ. ಸುಮ್ನೆ ನಿಂತ್ಕೋ." ಅವನ ಶಿಳ್ಳೆ ಮತ್ತೆ ಶುರುವಾಯಿತು.

ಏಣಿ ಹಿಡಿದುಕೊಂಡಿದ್ದವಳು ನಮ್ಮ ಕಕ್ಷಿದಾರನ ಹೆಂಡತಿ. "ಎಡಗಡೆ ತೊಲೆ ತಗ್ಗಿದೆ, ತಲೆ ನೋಡ್ಕೊಳ್ಳಿ," ಎಂದಳು. ನಾನು ತಲೆ ಬಗ್ಗಿಸಿದೆ. ತೊಲೆ ನನ್ನ ಅಳಿದುಳಿದ ಕೂದಲನ್ನು ಸವರಿಕೊಂಡು ಹೋಯಿತು.

ಅಟ್ಟದಲ್ಲಿ ಜೇಡರ ಬಲೆ, ಒಡೆದ ತೊಟ್ಟಿಲು, ಧೂಳು. ಗೋಡೆಯ ನೆತ್ತಿಯಲ್ಲಿ ಒಂದು ಸಣ್ಣ ತೂತು. ಅದರೊಳಗೆ ಒಂದು ವೈರ್ ಇಳಿದಿತ್ತು, ವೈರಿನ ಪಕ್ಕ ಮಸಿ ಹಿಡಿದ ಒಂದು ದಾರವೂ ಇಳಿದಿತ್ತು. ಗೋಡೆಯನ್ನು ಒಡೆದ ಗುರುತು ಎಲ್ಲೂ ಇರಲಿಲ್ಲ.

ನನಗೆ ಬೇಕಾಗಿದ್ದದ್ದು ಒಡೆದ ಗುರುತೇ. ಮನಸ್ಸು ಪಾತಾಳಕ್ಕೆ ಇಳಿಯಿತು.

ವಿಷಯ ಇಷ್ಟೇ. ಟೊಳ್ಳು ಗೋಡೆಯನ್ನು ಒಡೆಯದೆ ಅದರೊಳಗೆ ವೈರ್ ಎಳೆಯುವ ವಿಧಾನಕ್ಕೆ ನಮ್ಮ ಕಕ್ಷಿದಾರ ಪೇಟೆಂಟ್ ಪಡೆದಿದ್ದಾನೆ. ಅಟ್ಟದಲ್ಲಿ ಒಬ್ಬ ಕೂತು ದಾರದ ತುದಿಗೆ ಕಬ್ಬಿಣದ ಚೂರು ಕಟ್ಟಿ ಗೋಡೆಯೊಳಗೆ ಇಳಿಬಿಡುತ್ತಾನೆ. ಒಳಗಿನ ಅಡ್ಡಪಟ್ಟಿಗೆ ಅದು ತಗಲಿ ನಿಂತಾಗ, ಕೆಳಗೆ ಇರುವವನು ಗೋಡೆಯ ಹೊರಗಿನಿಂದ ಅಯಸ್ಕಾಂತ ಹಿಡಿದು, ಅದನ್ನು ಪಟ್ಟಿಯ ಸಂದಿನವರೆಗೆ ನಡೆಸಿಕೊಂಡು ಹೋಗಿ ಕೆಳಗಿಳಿಸುತ್ತಾನೆ. ದಾರ ಬಂತೆಂದರೆ ವೈರ್ ಬಂದಂತೆಯೇ.

ಇಸ್ತ್ರಿಯನ್ನು ನೇಮಿಸಿಕೊಂಡಿರುವ ವೈರಿಂಗ್ ಕಂಪನಿಯವರು ಇದರ ಮೇಲೆ ತಕರಾರು ಹಾಕಿದ್ದಾರೆ. ದಾರ ಹಳೆಯದು, ಅಯಸ್ಕಾಂತ ಹಳೆಯದು. ಎರಡನ್ನೂ ಜೋಡಿಸುವುದು ಈ ಕಸುಬಿನ ಯಾರಿಗಾದರೂ ಹೊಳೆಯುವಂಥದ್ದು, ಇದಕ್ಕೆಂಥ ಪೇಟೆಂಟ್ ಎಂದು. ನಮ್ಮ ವಕೀಲೆಯ ಉತ್ತರ ಒಂದೇ: ಅಷ್ಟು ಸಲೀಸಾಗಿ ಹೊಳೆಯುವಂಥದ್ದಾದರೆ ಇಷ್ಟು ವರ್ಷ ಒಬ್ಬನಿಗೂ ಯಾಕೆ ಹೊಳೆಯಲಿಲ್ಲ?

ಆ ಉತ್ತರಕ್ಕೆ ಕಲ್ಲು ಹಾಕಿದವನು ಹೊರಗಿನವನಲ್ಲ. ಕಕ್ಷಿದಾರನ ಷಡ್ಡಕ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರೂ ವೈರ್‌ಮನ್‌ಗಳು. ಮಾವ ಬದುಕಿದ್ದಾಗ ಕರೆಯುತ್ತಿದ್ದ ಹೆಸರುಗಳೇ ಇಂದಿಗೂ ಉಳಿದಿವೆ, ದೊಡ್ಡಳಿಯ ಮತ್ತು ಚಿಕ್ಕಳಿಯ. ಪೇಟೆಂಟ್ ದೊಡ್ಡಳಿಯನದು. "ನನಗೆ ಇದು ಮೊದಲೇ ಹೊಳೆದಿತ್ತು, ನಮ್ಮನೆ ಗೋಡೆ ನೋಡ್ಕೊಳ್ಳಿ," ಎಂದು ಕಂಪನಿಯ ಕದ ತಟ್ಟಿದವನು ಚಿಕ್ಕಳಿಯ. ನಾಳೆ ವಿಚಾರಣೆ. ಇವತ್ತು ಎರಡೂ ಕಡೆಯವರು ಒಟ್ಟಿಗೆ ಗೋಡೆ ನೋಡಬೇಕೆಂದು ಆದೇಶ.

ಕೆಳಗಿಳಿದೆ. ಇಸ್ತ್ರಿ ಒಂದು ಕರವಸ್ತ್ರ ಮುಂದೆ ಹಿಡಿದ. ಅದಕ್ಕೂ ಇಸ್ತ್ರಿ ಹಾಕಿತ್ತು.

"ಏನ್ ಸಿಕ್ತು ಸಾರ್?"

"ಧೂಳು."

"ನನಗೂ ಅಷ್ಟೇ. ತೇಪೆ ಇಲ್ಲ, ಬಿರುಕಿಲ್ಲ. ನಮ್ಮ ಸಾಕ್ಷಿ ಹೇಳಿದ ಹಾಗೇ ಇದೆ." ಹಲ್ಲು ಬಿಟ್ಟ. ಆ ಹಲ್ಲುಗಳನ್ನು ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಅದು ತಂಗಿಯ, ಎಂದರೆ ಚಿಕ್ಕಳಿಯನ ಹೆಂಡತಿಯ, ಹೊಲಿಗೆ ಕೋಣೆ. ಕಿಟಕಿಯ ಬಳಿ ಮಿಷನ್ನು, ಗೋಡೆಯಲ್ಲಿ ಮಿಷನ್ನಿನ ನೆತ್ತಿಗೆ ಸರಿಯಾಗಿ ಒಂದು ದೀಪ, ದೀಪದ ಕೆಳಗೆ ಸ್ವಿಚ್ಚಿನ ಪೆಟ್ಟಿಗೆ. ಆ ದೀಪ ಪೇಟೆಂಟ್ ಅರ್ಜಿಗಿಂತ ಮೊದಲೇ ಉರಿಯುತ್ತಿತ್ತು ಎಂಬುದರಲ್ಲಿ ಜಗಳವಿಲ್ಲ. ಅದೇ ದೀಪದ ಕೆಳಗೆ ಬಟ್ಟೆಯ ರಾಶಿಯಲ್ಲಿ ಕೂತು, ಇನ್ನೂ ಹಲ್ಲು ಬಾರದ ಬಾಯಿ ಅಗಲಿಸಿ ನಗುತ್ತಿರುವ ಮಗುವಿನ ಫೋಟೋ ಕಪಾಟಿನ ಮೇಲಿತ್ತು. ಅರ್ಜಿ ಹಾಕುವ ಹೊತ್ತಿಗೆ ಆ ಮಗು ಓಡಾಡುತ್ತಿತ್ತು. ಈಗ ಶಾಲೆಗೆ ಹೋಗಿದೆ.

ತಂಗಿ ಯಾರ ಕಡೆಗೂ ನೋಡದೆ ಚೀಲಗಳ ಬಾಯಿಗೆ ಲಾಡಿ ಪೋಣಿಸುತ್ತಿದ್ದಳು. ಲಾಡಿಯ ತುದಿಗೆ ಸೇಫ್ಟಿ ಪಿನ್ನು ಸಿಕ್ಕಿಸಿ, ಮಡಿಕೆಯೊಳಗೆ ತೂರಿಸಿ, ಬಟ್ಟೆಯ ಹೊರಗಿನಿಂದ ಪಿನ್ನನ್ನು ಬೆರಳಲ್ಲಿ ತಡವುತ್ತ ಮುಂದೆ ಮುಂದೆ ತಳ್ಳುತ್ತಿದ್ದಳು. ಮೇಜಿನ ಮೇಲೆ ಒಂದು ಅಯಸ್ಕಾಂತ, ನೆಲಕ್ಕೆ ಬಿದ್ದ ಗುಂಡುಸೂಜಿಗಳನ್ನು ಬಾಚಲು. ಅದರ ಮೈತುಂಬ ಸೂಜಿಗಳು ನಿಗುರಿ ನಿಂತಿದ್ದವು.

"ನೋಡಿ ಸಾರ್," ಎಂದ ನನ್ನ ಪಕ್ಕಕ್ಕೆ ಬಂದ ದೊಡ್ಡಳಿಯ ಮೆಲ್ಲಗೆ. "ನನ್ನ ಹೆಂಡ್ತೀನೂ ಒಂದ್ಸಲ ಹೀಗೇ ಪೋಣಿಸಿ ತೋರಿಸಿದ್ದು. ಪಿನ್ನು ಒಳಗೆ, ಬೆರಳು ಹೊರಗೆ. ಅಲ್ಲೇ ನನ್ನ ತಲೆಗೆ ಗೋಡೆ ಬಂದಿದ್ದು."

ಇದನ್ನು ಅವನು ಹೇಳಿಕೆಯಲ್ಲೂ ಬರೆದಿದ್ದಾನೆ. ನಾಳೆ ಅವನ ಹೆಂಡತಿ ಬಂದು ಪ್ರಮಾಣ ಮಾಡಿ ಹೇಳಬೇಕು. ವೈರ್‌ಮನ್‌ಗಳಿಗೆ ಹೊಳೆಯದೆ ಇದ್ದದ್ದು ಹೇಗೆ ಹೊಳೆಯಿತು ಎನ್ನುವುದಕ್ಕೆ ನಮ್ಮ ಕೈಲಿದ್ದ ಒಳ್ಳೆಯ ಮಾತು ಅದೊಂದೇ.

"ಈ ಕೈ," ಎಂದು ಅಕ್ಕ ಬಲಗೈ ಎತ್ತಿ ತೋರಿಸಿದಳು. ತಂಗಿಗೆ ಕೇಳಲಿ ಎಂದೇ ಜೋರಾಗಿ ಹೇಳಿದಳು. "ಬೀದಿಗೆಲ್ಲ ಗೊತ್ತು, ಈ ಕೈಯಿಂದ ಬಂದಿದ್ದು ಅಂತ."

ತಂಗಿ ತಲೆ ಎತ್ತಲಿಲ್ಲ. ಪಿನ್ನು ಮಡಿಕೆಯ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಹಿಂದಕ್ಕೆ ಎಳೆದು ಮತ್ತೆ ಮುಂದೆ ತಳ್ಳಿದಳು.

ಷಡ್ಡಕರು ಒಬ್ಬರ ಮನೆಗೆ ಒಬ್ಬರು ಕಾಲಿಟ್ಟವರಲ್ಲ. ಬೆಳಿಗ್ಗೆ ಬಾಗಿಲಲ್ಲೇ ಅಕ್ಕ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಿದ್ದಳು: "ಈ ಮನೆ ಹೊಸ್ತಿಲು ತುಳೀತಿರೋದು ಇದೇ ಮೊದಲು, ಇದೇ ಕೊನೆ."

"ಶುರು ಮಾಡೋಣ್ವಾ?" ಎಂದ ಚಿಕ್ಕಳಿಯ. ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್. ಷಡ್ಡಕನ ಕಡೆಗೆ ಕಣ್ಣಿಟ್ಟೇ ಮಾತಾಡಿದ. "ಮಾವನ ಮನೇಲಿ ಯಾವಾಗ್ಲೂ ಇವನ ತಟ್ಟೆಗೇ ಮೊದಲು ಬಡಿಸೋರು. ಇವನು ಕೆಮ್ಮಿದ್ರೂ ಹಿತವಚನ, ನಾನು ಮಾತಾಡಿದ್ರೆ ವಟವಟ. ಇವತ್ತು ಗೋಡೆ ಮಾತಾಡ್ಲಿ."

"ನಿಂದು ಬರೀ ಹೊಟ್ಟೆಕಿಚ್ಚು ಕಣಯ್ಯಾ," ಎಂದ ದೊಡ್ಡಳಿಯ.

"ಹೂಂ, ಹೊಟ್ಟೆಕಿಚ್ಚೇ. ನಿನ್ನ ಹೆಸರು ಪೇಪರಲ್ಲಿ ಬಂದ ದಿನ ನನಗೆ ಅನ್ನ ಇಳೀಲಿಲ್ಲ. ಏನೀಗ?"

ನನಗೆ ಅವನ ಮೇಲೆ ಒಳಗೊಳಗೇ ಪ್ರೀತಿ ಬಂತು. ಇಸ್ತ್ರಿಯ ಹಿತ್ತಾಳೆ ಬೋರ್ಡು ನೋಡಿದ ದಿನ ನನಗೂ ಅನ್ನ ಇಳಿದಿರಲಿಲ್ಲ.

ಆದರೆ ಕೆಲಸ ಕೆಲಸವೇ. ಅಟ್ಟದಲ್ಲಿ ಕಂಡ ಆ ದಾರ ನನ್ನ ತಲೆಯಲ್ಲಿ ಕೂತಿತ್ತು. ವೈರ್ ಎಳೆದಾದ ಮೇಲೆ ಗೋಡೆಯೊಳಗೆ ಒಂದು ದಾರ ಬಿಟ್ಟುಹೋಗುವುದು ಈ ಕಸುಬಿನ ಮರ್ಯಾದೆ. ಮುಂದೆಂದೋ ಇನ್ನೊಬ್ಬ ಬಂದು ಇನ್ನೊಂದು ವೈರ್ ಎಳೆಯಬೇಕಾದರೆ ಅವನಿಗೆ ತೊಂದರೆಯಾಗಬಾರದು. ಮುಂದಿನವನ ದಾರ ಎನ್ನುತ್ತಾರೆ ಅದಕ್ಕೆ. ಎಂಥ ಮುಂಗೋಪಿ ವೈರ್‌ಮನ್ನೂ ಇದನ್ನು ತಪ್ಪಿಸುವುದಿಲ್ಲ.

"ಒಂದ್ನಿಮಿಷ," ಎಂದೆ. "ಮುಂದಿನವನ ದಾರ ಬಿಟ್ಟಿದ್ದೀರಾ?"

"ಬಿಡದೇ ಇರ್ತೀನಾ? ನಾನೇನು ನಿನ್ನೆ ಮೊನ್ನೆ ಕಸುಬು ಕಲ್ತವನಾ?"

"ಕೆಳತುದಿಗೆ ಏನು ಕಟ್ಟಿದ್ದೀರಿ?"

"ಇನ್ನೇನು ಕಟ್ತಾರೆ? ನಟ್ಟು. ಎಲ್ರೂ ನಟ್ಟೇ ಕಟ್ಟೋದು."

"ನಿಮ್ಮ ಕೈಯಾರೆ ಕಟ್ಟಿದ್ದು?"

"ನನ್ನ ಕೈಯಾರೆ. ಬರ್ಕೊಳ್ಳಿ."

ಇಸ್ತ್ರಿ ಬರೆದುಕೊಂಡ. ಅಕ್ಷರವೂ ದುಂಡಗೆ, ಹಾಳಾದವನದು.

ಚಿಕ್ಕಳಿಯ ಸ್ಕ್ರೂ ಬಿಚ್ಚಿ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಕತ್ತಲು. ಬೆರಳು ತೂರಿಸಿ ತಡಕಾಡಿ ದಾರ ಹಿಡಿದ.

"ಎಳೀಬೇಡಿ!"

ಕೂಗಿದ್ದು ಅಕ್ಕ. ನಾವೆಲ್ಲ ತಿರುಗಿ ನೋಡಿದೆವು.

"ಅಲ್ಲಾ... ಧೂಳು," ಎಂದಳು. "ನನಗೆ ಧೂಳು ಆಗಲ್ಲ."

"ಹಾಗಿದ್ರೆ ಹೊರಗೆ ಹೋಗಿ ನಿಂತ್ಕೊಳ್ಳಿ ಅತ್ತಿಗೆ," ಎಂದು ಚಿಕ್ಕಳಿಯ ದಾರ ಜಗ್ಗಿದ.

ಬಂದದ್ದು ನಟ್ಟಲ್ಲ. ಒಂದು ಸೇಫ್ಟಿ ಪಿನ್ನು.

ದಾರವೂ ವೈರ್‌ಮನ್‌ಗಳ ಹುರಿಯಲ್ಲ. ಮೇಣ ಸವರಿದ ಹೊಲಿಗೆ ದಾರ, ಎರಡೆಳೆ ಕೂಡಿಸಿದ್ದು. ಚಿಕ್ಕಳಿಯ ಅದನ್ನು ಅಂಗೈಯಲ್ಲಿಟ್ಟುಕೊಂಡು ಇಂಗು ತಿಂದ ಮಂಗನ ಹಾಗೆ ನಿಂತ. ಈ ಗೋಡೆಯಲ್ಲಿ ದಾರ ಇಳಿಸಿದವನು ಅವನಲ್ಲ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ನಾನು ಇಸ್ತ್ರಿಯ ಮುಖ ನೋಡಿದೆ. ಆಹಾ, ಕೊನೆಗೂ ಒಂದು ಸುಕ್ಕು! ಹುಬ್ಬುಗಳ ನಡುವೆ, ಚೆನ್ನಾಗಿಯೇ ಬಿದ್ದಿತ್ತು.

"ನಿಮ್ಮ ಸಾಕ್ಷಿ ಸುಳ್ಳು ಹೇಳಿದ," ಎಂದೆ. "ಕೈಯಾರೆ ಕಟ್ಟಿದ ನಟ್ಟು ಎಲ್ಲಯ್ಯಾ?"

ಚಿಕ್ಕಳಿಯ ಪಿನ್ನು ನೋಡಿದ, ಮೇಜಿನ ಮೇಲಿನ ಅಯಸ್ಕಾಂತ ನೋಡಿದ, ಹೆಂಡತಿಯ ಕೈಯನ್ನು ನೋಡಿದ. ಅವಳ ಬೆರಳಲ್ಲಿ ಅದೇ ಅಳತೆಯ ಪಿನ್ನು ಇತ್ತು.

"ಯಾರೋ ವೈರ್‌ಮನ್ ಬಂದು ಹಾಕಿಕೊಟ್ಟ ಅಂತ ನೀನು ಅಂದಿದ್ದೆ," ಎಂದ ಅವಳಿಗೆ. "ನಾನು ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದಾಗ."

ತಂಗಿ ಲಾಡಿಯನ್ನು ಮಡಿಲಲ್ಲಿಟ್ಟಳು. "ನಿಮಗೆ ಗೊತ್ತಲ್ಲ. ಮನೇಲಿ ವೈರಿಗೆ ನಿಮ್ಮ ಬಿಟ್ಟು ಇನ್ನೊಬ್ಬರು ಕೈ ಹಾಕಿದ್ರೆ ಊಟ ಬಿಡ್ತಿದ್ರಿ. ನಾನು ಹಾಕಿದೆ ಅಂದ್ರೆ ಏನು ಮಾಡ್ತಿದ್ರೋ. ಬಟ್ಟೆ ಕಾಣಿಸ್ತಿರಲಿಲ್ಲ, ಕಣ್ಣು ನೋಯ್ತಿತ್ತು. ದೀಪ ಬೇಕಿತ್ತು, ಹಾಕ್ಕೊಂಡೆ. ದಾರನೂ ಬಿಟ್ಟೆ. ವೈರ್‌ಮನ್ ಹೆಂಡ್ತಿ ಅಲ್ವಾ?"

ಅವನು ನಾಲ್ಕು ಜನರ ಮುಂದೆ ತನ್ನದೆಂದು ಹೇಳಿಕೊಂಡ ಕೆಲಸ ಅವನ ಹೆಂಡತಿಯದು. ಯಾರಿಗಾದರೂ ಮುಖ ಸಪ್ಪಗಾಗುತ್ತದೆ. ಅವನದು ಕೆಂಪಾಯಿತು.

ಅಷ್ಟರಲ್ಲಿ ಇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಪರವಾಗಿಲ್ಲ ಸಾರ್," ಎಂದ. "ನಮಗೆ ಇದು ಇನ್ನೂ ಒಳ್ಳೇದೇ ಆಯ್ತು. ಬಟ್ಟೆ ಹೊಲಿಯೋರಿಗೇ ಹೊಳೆದಿದ್ದು ವೈರ್ ಎಳೆಯೋರಿಗೆ ಹೊಳೆಯಲ್ವಾ? ನಾಳೆ ಇವರನ್ನೇ ಕೂರಿಸಿ ಕೇಳ್ತೀವಿ."

ಎಂಥ ಮಾತು! ಆ ಜಾಗದಲ್ಲಿ ನಾನಿದ್ದರೆ ನನಗೆ ಹೊಳೆಯುತ್ತಿತ್ತೇ? ಹೊಳೆಯುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೊಳೆಯುತ್ತಿತ್ತು. ನಾಳೆ ವಕೀಲೆಯ ಮುಂದೆ ಇವನು ಈ ಮಾತು ಆಡಿಸಿ, ನಾನು ಪೆಚ್ಚಾಗಿ ನಿಲ್ಲುವುದು ಕಣ್ಣಿಗೆ ಕಟ್ಟಿತು. ತಡೆಯಲಾಗಲಿಲ್ಲ.

"ಹೊಳೆಯೋದು ಬೇರೆ, ಮಾಡೋದು ಬೇರೆ ಮರಿ," ಎಂದೆ. "ಪೇಟೆಂಟ್ ಓದಿದ್ದೀಯ ತಾನೇ? ಮೇಲೆ ಒಬ್ಬರು ದಾರ ಬಿಡಬೇಕು, ಕೆಳಗೆ ಒಬ್ಬರು ಅಯಸ್ಕಾಂತ ಹಿಡೀಬೇಕು. ಮೇಲಿನವರು ಸಡಿಲ ಬಿಟ್ಟಷ್ಟೂ ಕೆಳಗಿನವರು ನಡೆಸಬೇಕು. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಇದು. ಇವರು ಒಂಟಿಯಾಗಿ ಹೇಗೆ ಮಾಡಿದ್ರು?"

ಇಸ್ತ್ರಿ ಬರೆದುಕೊಂಡದ್ದನ್ನೇ ತಿರುವಿ ನೋಡತೊಡಗಿದ. ಗೆದ್ದೆ ಎಂದುಕೊಂಡೆ. ಆ ಖುಷಿ ಒಂದು ಉಸಿರು ಎಳೆಯುವಷ್ಟು ಹೊತ್ತೂ ಇರಲಿಲ್ಲ.

"ಹೌದಲ್ಲಾ," ಎಂದ ಚಿಕ್ಕಳಿಯ. "ಮೇಲೆ ಯಾರಿದ್ರು?"

ಅವನು ಕೇಳಿದ್ದು ಪೇಟೆಂಟಿನ ಪ್ರಶ್ನೆಯಲ್ಲ. ನಾನು ನಾಲಿಗೆ ಕಚ್ಚಿಕೊಂಡೆ.

"ನಾನು ಊರಲ್ಲಿರ್ಲಿಲ್ಲ. ಯಾರನ್ನ ಅಟ್ಟ ಹತ್ತಿಸಿದ್ದೆ?"

ತಂಗಿ ಮಡಿಲಲ್ಲಿದ್ದ ಲಾಡಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಮ್ಮ ಪೈಕಿ ಆಗ ಊರಲ್ಲಿದ್ದ ವೈರ್‌ಮನ್ ಒಬ್ಬನೇ." ಅವನು ನಿಧಾನವಾಗಿ ಷಡ್ಡಕನ ಕಡೆ ತಿರುಗಿದ. "ಅದೇ ವಿಧಾನ. ಆಮೇಲೆ ಇವನ ಅರ್ಜಿ. ಎಲ್ಲಿ ನೋಡಿ ಕಲ್ತ ಇವನು? ಹೆಂಡ್ತಿ ಕೈಯಂತೆ, ಲಾಡಿಯಂತೆ! ಯಾವ ಕೈ ನೋಡ್ದ?"

"ಥೂ, ಏನ್ ಮಾತಾಡ್ತೀಯ!" ದೊಡ್ಡಳಿಯನ ಮುಖ ಬಿಳಿಚಿಕೊಂಡಿತು. "ನಾನು ಈ ಮನೆಗೆ ಬಂದಿದ್ದೇ ಇವತ್ತು!"

"ಪೇಟೆಂಟ್ ಇವನಿಗೆ, ಮಾವನ ಪ್ರೀತಿ ಇವನಿಗೆ. ಇದೂ ಇವನಿಗೇನಾ?" ಚಿಕ್ಕಳಿಯ ಮಿಷನ್ನಿನ ಮೇಲೆ ಹರಡಿದ್ದ ಚೀಲಗಳನ್ನು ಒಂದೇ ಸಲಕ್ಕೆ ನೆಲಕ್ಕೆ ತಳ್ಳಿದ. "ಏಳು. ಗಂಟುಮೂಟೆ ಕಟ್ಟು. ಈ ಮಿಷನ್ನೂ ನೀನೂ ಇವತ್ತೇ ಹೊರಗೆ."

"ಮಗು ಬರೋ ಹೊತ್ತಾಯ್ತು," ಎಂದಳು ತಂಗಿ. "ಅವಳ ಮುಂದೆ ಬೇಡ. ದಮ್ಮಯ್ಯ."

"ಹಾಗಿದ್ರೆ ಹೇಳು. ಮೇಲೆ ಯಾರಿದ್ರು?"

ಅವಳು ಗಂಡನನ್ನು ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ಅಂದು ಮೊದಲ ಬಾರಿಗೆ ತಲೆಯೆತ್ತಿ ಅಕ್ಕನನ್ನು ನೋಡಿದಳು. ಏನನ್ನೋ ಕಾಯುವವಳ ಹಾಗೆ ನೋಡಿದಳು.

ಅಕ್ಕ ಎರಡು ಹೆಜ್ಜೆ ಮುಂದೆ ಬಂದಳು. ಮಾತು ಚಾಕುವಿನಷ್ಟು ಚೂಪಾಗಿತ್ತು.

"ಹೇಳೇ," ಎಂದಳು. "ಮೇಲೆ ನನ್ನ ಗಂಡ ಇದ್ರೇನೇ?"

"ಅಕ್ಕಾ," ಎಂದಳು ತಂಗಿ. "ಇದನ್ನ ನೀನು ಕೇಳ್ತಿದ್ದೀಯಾ?"

ಅಷ್ಟೇ ಹೇಳಿದಳು. ಕೆಳಗೆ ಬಿದ್ದಿದ್ದ ಚೀಲಗಳನ್ನು ಒಂದೊಂದಾಗಿ ಎತ್ತಿಕೊಳ್ಳತೊಡಗಿದಳು. ಅವಳ ಕಣ್ಣಲ್ಲಿ ನೀರಿತ್ತು.

ನಾನು ಏಕೋ ತಲೆ ಸವರಿಕೊಂಡೆ. ಕೂದಲಲ್ಲಿ ಇನ್ನೂ ಅಟ್ಟದ ಧೂಳು ಇತ್ತು. ಎಡಗಡೆ.

ಎಡಗಡೆ ತೊಲೆ ತಗ್ಗಿದೆ, ತಲೆ ನೋಡ್ಕೊಳ್ಳಿ. ಏಣಿಯ ಕೆಳಗೆ ನಿಂತವರಿಗೆ ಆ ತೊಲೆ ಕಾಣುವುದಿಲ್ಲ. ಒಂದು ಸಲವಾದರೂ ಅಟ್ಟ ಹತ್ತಿ ಹಣೆಗೆ ಬಡಿಸಿಕೊಂಡವರಿಗೆ ಮಾತ್ರ ಅದು ಗೊತ್ತಿರಲು ಸಾಧ್ಯ. ಈ ಮನೆಯ ಹೊಸ್ತಿಲು ತುಳಿಯುತ್ತಿರುವುದೇ ಮೊದಲು ಎಂದವಳಿಗೆ ಹೇಗೆ ಗೊತ್ತಾಯಿತು?

ಮೇಲೆ ದಾರ ಬಿಟ್ಟವಳು ಅಕ್ಕ. ಕೆಳಗೆ ನಡೆಸಿದವಳು ತಂಗಿ. ತಂಗಿಯ ಯೋಚನೆಯನ್ನು ಮನೆಗೆ ಒಯ್ದು, ಗಂಡನ ಮುಂದೆ ಲಾಡಿ ಪೋಣಿಸಿ ತೋರಿಸಿ, ಈ ಕೈ ಎಂದು ಬೀದಿಗೆಲ್ಲ ಸಾರಿಕೊಂಡು ಬಂದವಳು ಇವಳು. ತಂಗಿಗೆ ಹೊಳೆದದ್ದು ತನಗೆ ಹೊಳೆಯಲಿಲ್ಲವೆಂಬ ಸಂಕಟ ಅದು. ಆ ಸಂಕಟ ನನಗೆ ಚೆನ್ನಾಗಿ ಗೊತ್ತು. ಈಗಷ್ಟೇ ಅದೇ ಸಂಕಟದಲ್ಲಿ ನಾನು ಬಾಯಿ ಬಿಟ್ಟು ಒಂದು ಸಂಸಾರಕ್ಕೆ ಕಿಡಿ ಹಚ್ಚಿದ್ದೆ.

ಇಸ್ತ್ರಿಗೆ ಇದು ಹೊಳೆದಿರಲಿಲ್ಲ. ಏಣಿಯ ಬಳಿ ಆಡಿದ ಆ ಮಾತು ಅವನ ಶಿಳ್ಳೆಯಲ್ಲಿ ಮುಳುಗಿಹೋಗಿತ್ತು. ಎಷ್ಟೋ ಕಾಲದ ಮೇಲೆ ಅವನಿಗಿಂತ ಮುಂದೆ ಇದ್ದೇನೆ, ಮತ್ತು ಅದನ್ನು ಹೇಳುವ ಹಾಗಿಲ್ಲ! ಹೇಳಿದರೆ ನಮ್ಮ ಕಕ್ಷಿದಾರನ ಪೇಟೆಂಟಿಗೆ ಬೆಂಕಿ, ನನ್ನ ಕೆಲಸಕ್ಕೂ ಬೆಂಕಿ. ಹೇಳದಿದ್ದರೆ ಸಂಜೆಯೊಳಗೆ ಈ ಹೆಂಗಸು ಬೀದಿಯಲ್ಲಿ.

ಹೊರಗೆ ಗೇಟು ಕಿರುಗುಟ್ಟಿತು. ಶಾಲೆಯ ಚೀಲ ಜಗುಲಿಯ ಮೇಲೆ ಧೊಪ್ಪೆಂದಿತು. "ಅಮ್ಮಾ!" ಎಂಬ ಕೂಗು.

ಹಾಳಾಗಿ ಹೋಗಲಿ ಎಂದುಕೊಂಡೆ.

"ಒಂದು ಮಾತು ಕೇಳ್ತೀನಿ," ಎಂದು ಅಕ್ಕನ ಕಡೆ ತಿರುಗಿದೆ. "ಅಟ್ಟದಲ್ಲಿ ಎಡಗಡೆ ತೊಲೆ ತಗ್ಗಿದೆ ಅಂತ ನಿಮಗೆ ಯಾರು ಹೇಳಿದ್ರು?"

ಅವಳ ಕೈ ತಾನಾಗಿ ಹಣೆಗೆ ಹೋಯಿತು. ಅರ್ಧದಲ್ಲೇ ತಡೆದಳು. ಇಸ್ತ್ರಿ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

"ನಾನು ಹೇಳಿದ್ದೆ," ಎಂದ ದೊಡ್ಡಳಿಯ.

ಹಾಗೆಂದರೆ ಅಟ್ಟ ಹತ್ತಿದವನು ತಾನೇ ಎಂದು ಒಪ್ಪಿಕೊಂಡ ಹಾಗೆ. ಹೆಂಡತಿಯ ಕೈ ಹಣೆಗೆ ಹೋದದ್ದನ್ನು ಅವನೂ ನೋಡಿದ್ದ. ಅವಳನ್ನು ಉಳಿಸಲು ಆಡಿದ ಸುಳ್ಳು ಅದು ಎಂದು ನನಗೆ ಗೊತ್ತಾಯಿತು, ಇಸ್ತ್ರಿಗೂ ಗೊತ್ತಾಯಿತು, ತಂಗಿಗೆ ಗೊತ್ತಾಯಿತು, ಅಕ್ಕನಿಗಂತೂ ಗೊತ್ತೇ ಇತ್ತು. ಅವಳು ಬಾಯಿ ತೆರೆಯಲಿಲ್ಲ.

ಗೊತ್ತಾಗದೆ ಹೋದವನು ಚಿಕ್ಕಳಿಯ ಒಬ್ಬನೇ. ಸ್ಕ್ರೂಡ್ರೈವರ್ ಇನ್ನೂ ಅವನ ಕೈಯಲ್ಲೇ ಇತ್ತು.